ಕುಬೇರಪ್ಪನ ಬಾಯಿಗೆ ಬಂದ ಅಕ್ಷರ

ಗೋಪನಕೊಪ್ಪದ ಕುಬೇರಪ್ಪನಿಗೆ ಮಾತಿನ ಬಡತನ ಎಂದೂ ಇರಲಿಲ್ಲ. ದುರ್ಗದ ಬೈಲಿನಲ್ಲಿ ಅವನದೊಂದು ದಾರ, ಗುಂಡಿ, ಲೇಸು ಮಾರುವ ಅಂಗಡಿ. ಅಂಗಿಗೆ ಒಂದು ಗುಂಡಿ ಬೇಕೆಂದು ಬಂದವರು, ಅವನ ಮಾತು ಮುಗಿಯುವಷ್ಟರಲ್ಲಿ ಆ ಅಂಗಿಯೇ ಹಳತಾಯಿತೆಂದು ತಿಳಿದು, ಹೊಸದನ್ನು ಹೊಲಿಸಲು ಪಕ್ಕದ ಬಾಬುಸಾಬನ ಟೇಲರಿಂಗ್ ಅಂಗಡಿಗೆ ಹೋಗುತ್ತಿದ್ದರು. ಹೀಗಾಗಿ ಇಬ್ಬರ ವ್ಯಾಪಾರವೂ ಚೆನ್ನಾಗಿತ್ತು.

ಇಂಥ ಮನುಷ್ಯ ಒಂದು ಬುಧವಾರ ಬೆಳಿಗ್ಗೆ ಫೋನು ಕೆಳಗಿಟ್ಟು, ಹಣೆಯ ಬೆವರು ಒರೆಸಿಕೊಂಡು, ಹೆಂಡತಿಯ ಮುಂದೆ ಕುಸಿದು ಕುಳಿತ.

"ಆ ಮನುಷ್ಯಾ ಫೋನಿನ್ಯಾಗ ಸೈತ ಪುಸ್ತಕ ಓದಿದಂಗ ಮಾತಾಡತಾನ," ಎಂದ.

ಆ ಮನುಷ್ಯ ಎಂದರೆ ಧಾರವಾಡದ ಶಂಭುಲಿಂಗಪ್ಪ ಮಾಸ್ತರರು. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರ ಮಗ ಗುರುಪಾದನೂ ಕುಬೇರಪ್ಪನ ಮಗಳು ಆರತಿಯೂ ಒಬ್ಬರನ್ನೊಬ್ಬರು ನೋಡಿ, ಮಾತಾಡಿ, ಒಪ್ಪಿ ಆಗಿತ್ತು. ಉಳಿದಿದ್ದದ್ದು ಹಿರಿಯರು ಹಿರಿಯರನ್ನು ಒಪ್ಪುವುದು. ಅದಕ್ಕೇ ಮಾಸ್ತರರು ಫೋನು ಮಾಡಿ, "ರವಿವಾರ ತಮ್ಮಲ್ಲಿಗೆ ಬರುವ ಸಂಕಲ್ಪವಿದೆ. ತಮಗೆ ಅನಾನುಕೂಲವಾಗಲಿಕ್ಕಿಲ್ಲವಷ್ಟೆ?" ಎಂದಿದ್ದರು. ಅದಕ್ಕೆ ಕುಬೇರಪ್ಪ ಕೊಟ್ಟ ಉತ್ತರ, "ಹೂಂನ್ರಿ... ಇಲ್ರಿ... ಬರ್ರಿ ಬರ್ರಿ!"

"ನೀವು ಹೆಂಗ ಮಾತಾಡತೀರಿ ಹಂಗ ಮಾತಾಡ್ರಿ. ಅವರೇನು ನಿಮ್ಮನ್ನ ಪರೀಕ್ಷಾಕ್ಕ ಕೂಡಸಾಕ ಬರಾಕತ್ತಾರೇನು?" ಎಂದಳು ನಾಗರತ್ನಾ.

ಕುಬೇರಪ್ಪ ಒಪ್ಪಲಿಲ್ಲ. ಮಗಳ ಸಂಬಂಧ ತನ್ನ ನಾಲಿಗೆಯ ತುದಿಯ ಮೇಲೆ ನಿಂತಿದೆ ಎಂದೇ ಅವನು ತಿಳಿದ. ಅಂದು ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಹುಡುಕಿದಾಗ, ಕೋಟು ಹಾಕಿದ ಒಬ್ಬಾತ ಉಪಾಯ ಹೇಳಿಕೊಟ್ಟ. ಹಲ್ಲುಗಳ ನಡುವೆ ಪೆನ್ನು ಕಚ್ಚಿಕೊಂಡು ಗಟ್ಟಿಯಾಗಿ ಓದಿದರೆ ಮಾತು ಮುತ್ತಿನ ಹಾಗೆ ಆಗುತ್ತದಂತೆ. ಕುಬೇರಪ್ಪನ ಕೈಗೆ ಪೆನ್ನು ಸಿಗಲಿಲ್ಲ. ದಾರದ ರೀಲು ಸಿಕ್ಕಿತು. ಪೆನ್ನಿನಿಂದ ಮುತ್ತು ಬರುವುದಾದರೆ ರೀಲಿನಿಂದ ರತ್ನವೇ ಬರಬೇಕೆಂದು ಅದನ್ನು ಮನೆಗೆ ತಂದು, ಕೋಣೆಯ ಬಾಗಿಲು ಹಾಕಿಕೊಂಡು, ಬಾಯಲ್ಲಿ ಅಡ್ಡ ಇಡುವುದರ ಬದಲು ನೆಟ್ಟಗೆ ನಿಲ್ಲಿಸಿಕೊಂಡ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ರೀಲು ಮಂಟಪದ ಕಂಬದ ಹಾಗೆ ನಿಂತಿತು. ಆ ಭಂಗಿಯಲ್ಲೇ ಸ್ವಾಗತದ ಮಾತು ಶುರು ಮಾಡಿದ.

ಎರಡನೆಯ ವಾಕ್ಯಕ್ಕೆ ಕಿವಿಯ ಬುಡದಲ್ಲಿ 'ಕಟ್' ಎಂದು ಸದ್ದಾಯಿತು.

ರೀಲು ತೆಗೆದ. ಸ್ವಲ್ಪ ನೋವಾಯಿತು. ಆದರೆ ಬಾಯಿಂದ ಹೊರಟ ಮಾತು ಕೇಳಿ ಅವನು ಬೆರಗಾದ. ಅಕ್ಷರಗಳೆಲ್ಲ ದಪ್ಪಗೆ, ತೂಕವಾಗಿ, ತಾಮ್ರದ ಕೊಡದೊಳಗಿಂದ ಬಂದ ಹಾಗೆ ಕೇಳುತ್ತಿದ್ದವು. ಉಪಾಯ ಫಲಿಸಿತೆಂದು ಎದೆ ಉಬ್ಬಿಸಿಕೊಂಡು ಅಡುಗೆಮನೆಗೆ ಬಂದ.

"ಣಾಗರಟ್ಣಾ, ಶ್ವಳ್ಪ ಣೀರು ಟಾ."

ನಾಗರತ್ನಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಮೊದಲ ಬಾಯಾಗಿಂದು ಉಗುಳಿ ಬರ್ರಿ. ಅಡಕಿ ಹಾಕ್ಕೊಂಡು ಮಾತಾಡಬ್ಯಾಡ್ರಿ ಅಂತ ಎಷ್ಟ ಸಲ ಹೇಳೇನಿ ನಿಮಗ."

"ಬಾಯಾಗ ಏಣೂ ಇಳ್ಳ."

ಆಕೆ ಎದ್ದು ಅವನ ಮುಖ ನೋಡಿದಳು. ನೋಡಿದವಳೇ ಹಿಟ್ಟಿನ ಕೈಯಲ್ಲೇ ಎದೆ ಮುಟ್ಟಿಕೊಂಡು, "ಆರತೀ, ನಿಮ್ಮಪ್ಪಗ ಲಕ್ವಾ ಹೊಡದೈತಿ ಬಾರ!" ಎಂದು ಕೂಗಿದಳು.

ಆರತಿ ವಿದ್ಯಾನಗರದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಗಾಬರಿಯಾಗುವ ಸ್ವಭಾವ ಅವಳದಲ್ಲ. ಅಪ್ಪನಿಗೆ ಎರಡೂ ಕೈ ಎತ್ತಲು ಹೇಳಿದಳು. ಎತ್ತಿದ. ನಗಲು ಹೇಳಿದಳು. ನಕ್ಕ. ಬಾಯಿ ತೆರೆಯಲು ಹೇಳಿದಳು. ಅದು ಎರಡು ಬೆರಳು ತೂರುವಷ್ಟು ಮಾತ್ರ ತೆರೆಯಿತು.

"ಲಕ್ವಾ ಅಲ್ಲ ಬಿಡವಾ. ಅಪ್ಪಾ, ನಿಮ್ಮ ಗದ್ದ ಎಡಕ್ಕ ಹೋಗೇತಿ. ದವಾಖಾನಿಗೆ ಹೋಗೂಣು ನಡೀರಿ."

"ಣಣ್ಣ ಗಡ್ಡ ಎಳ್ಳೂ ಹೋಗಿಳ್ಳ."

"ಗಡ್ಡ ಅಲ್ಲಪಾ, ಗದ್ದ!"

"ಅಡಣ್ಣ ಣಾಣೂ ಅಂಡೆ," ಎಂದು ಕುಬೇರಪ್ಪ ಸಿಟ್ಟಾದ. ನುಣ್ಣಗೆ ಬೋಳಿಸಿದ ಅವನ ಮುಖದಲ್ಲಿ ಎಡಕ್ಕೆ ಹೋಗಲು ಗಡ್ಡವಂತೂ ಇರಲಿಲ್ಲ. ಕಷ್ಟಪಟ್ಟು ಗಳಿಸಿದ ಮಾತನ್ನು ದವಾಖಾನೆಗೆ ಒಯ್ದು ಕೆಡಿಸಿಕೊಂಡು ಬರಲು ಅವನು ತಯಾರಿರಲಿಲ್ಲ. ಇಷ್ಟು ಹೊತ್ತಿಗೆ ನಡೆದದ್ದು ಇಷ್ಟು. ಹಲ್ಲಿಗೆ ನಾಲಿಗೆ ತಾಗಿಸಿ ಆಡುವ ತ, ದ, ನ, ಲ, ಸ ಎಂಬ ಸಾಧು ಅಕ್ಷರಗಳೆಲ್ಲ ಅವನ ಬಾಯಲ್ಲಿ ತಮ್ಮ ತಮ್ಮ ಜಾಗ ಬಿಟ್ಟು ಒಂದೊಂದು ಹೆಜ್ಜೆ ಹಿಂದೆ ಸರಿದು, ಟ, ಡ, ಣ, ಳ, ಶ ಆಗಿ ಕುಳಿತಿದ್ದವು. ತನ್ನ ಹೆಸರಿನಲ್ಲಿ ಅಂಥ ಅಕ್ಷರ ಒಂದೂ ಇಲ್ಲದಿದ್ದುದರಿಂದ 'ಕುಬೇರಪ್ಪ' ಎಂದು ಮಾತ್ರ ಅವನು ಮೊದಲಿನ ಹಾಗೆಯೇ ಹೇಳಬಲ್ಲವನಾಗಿದ್ದ. ಹೇಳಿ ನೋಡಿಕೊಂಡು, ಎಲ್ಲ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡ.

ಮರುದಿನ ಬೆಳಿಗ್ಗೆ ಕಂಪೌಂಡಿನ ಆಚೆ ಮಹಾಂತಯ್ಯನವರು ಹಲ್ಲುಜ್ಜುತ್ತ ನಿಂತಿದ್ದರು. ತಾಲೂಕು ಕಚೇರಿಯಿಂದ ನಿವೃತ್ತರಾದ ಮೇಲೆ ಊರಿನ ಪ್ರತಿಯೊಂದು ಪ್ರವಚನದಲ್ಲೂ ಮೊದಲ ಸಾಲಿನಲ್ಲಿ ಕುಳಿತು, ಜಗತ್ತಿನ ಎಲ್ಲ ವಿಷಯದಲ್ಲೂ ಅರ್ಧರ್ಧ ತಿಳಿದುಕೊಂಡವರು. ಅವತ್ತು ನೀರು ಬಿಡುವ ದಿನವೋ ಅಲ್ಲವೋ ಎಂದು ಕೇಳಲು ಕುಬೇರಪ್ಪ ಅವರನ್ನು ಕೂಗಿದ.

"ಣಮಶ್ಕಾರ್ರಿ ಮಹಾಂಟಯ್ಯಣವರ. ಇವಟ್ಟ ಣಳಾ ಬಂಡಿಟ್ಟೇಣ್ರಿ?"

ಮಹಾಂತಯ್ಯನವರ ಕೈಯ ಬ್ರಷ್ಷು ಕೆಳಗೆ ಬಿತ್ತು. ಬಾಯಿಯ ನೊರೆ ಒರೆಸಿಕೊಳ್ಳುವುದನ್ನೂ ಮರೆತು, "ಏನಂದ್ರಿ? ಇನ್ನೊಮ್ಮೆ ಅನ್ರಿ," ಎಂದರು.

ಕುಬೇರಪ್ಪ ಇನ್ನೊಮ್ಮೆ ಅಂದ.

"ಅಬಬಬ! ನಳಮಹಾರಾಜನ ಸುದ್ದಿ!" ಮಹಾಂತಯ್ಯನವರು ಒಳಗೆ ಓಡಿ ಹೆಂಡತಿಯನ್ನು ಕರೆತಂದರು. "ಕೇಳ ಇಲ್ಲೆ. ಇದು ಹಳಗನ್ನಡ. ಕಲ್ಲಿನ ಮ್ಯಾಲ ಕೆತ್ತಿರತಾರಲ್ಲ, ಅದೇ ಕನ್ನಡ. ನಮ್ಮ ಕುಬೇರಪ್ಪನ ಬಾಯಾಗ ರಾಜರ ಕಾಲದ ಭಾಷಾ ಇಳದು ಬಂದೈತಿ!"

ಅಂದು ನಳ ಬಂದಿತ್ತು, ಹೋಯಿತು. ಯಾರೂ ನೀರು ಹಿಡಿಯಲಿಲ್ಲ. ಓಣಿಯವರೆಲ್ಲ ಕುಬೇರಪ್ಪನ ಗೇಟಿನ ಮುಂದೆ ನಿಂತಿದ್ದರು.

ಕಾಯಿಪಲ್ಲೆ ಗಾಡಿಯ ಕಾಳವ್ವ ಬಂದಳು. "ಬಡಣೀಕಾಯಿ ಟಾಜಾ ಅಡಾವೇಣು? ಶೌಟೀಕಾಯಿ ಎಳ್ಳ್ಯಡಾವು?" ಎಂದು ಕುಬೇರಪ್ಪ ಕೇಳಿದ. ಅವಳು ತಕ್ಕಡಿ ಕೆಳಗಿಟ್ಟು ಸೆರಗು ಹೊದ್ದುಕೊಂಡು ಕೈಮುಗಿದಳು. "ಎಪ್ಪಾ, ನಾ ಹುಟ್ಟಿದಾಗಿಂದ ಇವನ್ನ ಮಾರಾಕತ್ತೇನಿ. ಇವಕ್ಕ ಇಂಥಾ ದೊಡ್ಡ ಹೆಸರು ಅದಾವಂತ ಇವತ್ತ ಗೊತ್ತಾತು ನೋಡ್ರಿ." ಅಲ್ಲಿಂದ ಮುಂದೆ ಅವಳು "ಶೌಟೀಕಾಯಿ... ಬಡಣೀಕಾಯೀ..." ಎಂದು ಕೂಗುತ್ತ ಹೋದಳು. ಎಂದಿಗಿಂತ ಲಗೂ ಗಾಡಿ ಖಾಲಿಯಾಯಿತೆಂದು ಸಂಜೆ ಎಲ್ಲರಿಗೂ ಹೇಳಿದಳು.

ಅಂಗಡಿಯಲ್ಲಿ ಮಾತ್ರ ಸ್ವಲ್ಪ ತೊಡಕಾಯಿತು. ಗಿರಾಕಿಯೊಬ್ಬಳಿಗೆ "ಣೀಳಿ ಡಾರ ಇಳ್ಳ, ಣಾಳೆ ಬರ್ರಿ" ಎಂದದ್ದನ್ನು ಕೇಳಿದ ಬಾಬುಸಾಬ ಹೊಲಿಗೆ ಯಂತ್ರದ ಕಾಲು ನಿಲ್ಲಿಸಿ ಬಂದ. "ಕುಬೇರಣ್ಣಾ, ಯಾವಾಗ ಕಲಿತಿಪಾ ಮದ್ರಾಸಿ ಭಾಷಾ? ತಿರುಪೂರಿನಿಂದ ನೇರ ಮಾಲು ತರಸಾಕತ್ತಿ ಅನ್ನು. ನನಗ ಒಂದ್ ಮಾತ ಹೇಳಬಾರದಾ?" ಎಂದು ನೊಂದುಕೊಂಡ. ಆದರೆ ಅದು ಹಳಗನ್ನಡವೆಂದು ಗಿರಾಕಿಗಳ ಬಾಯಲ್ಲೇ ಕೇಳಿದ ಮೇಲೆ, ಎದ್ದು ನಿಂತು ತನ್ನ ಟೇಪನ್ನು ಕೊರಳಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಮಾಫ್ ಮಾಡ್ರಿ ಅಣ್ಣಾ," ಎಂದು ಬಹುವಚನಕ್ಕೆ ಏರಿದ. ಹುಡುಗರಾಗಿದ್ದಾಗಿನಿಂದ ಜೊತೆಗೆ ಬೆಳೆದವನು ಹಾಗೆ ಅಂದದ್ದು ಕುಬೇರಪ್ಪನಿಗೇ ಅಂಜಿಕೆ ತಂದಿತು.

ಇಷ್ಟರಲ್ಲಿ ಬಾಯಿಯ ನೋವು ಹೆಚ್ಚಿತ್ತು. ಮೇಲಿನ ಹಲ್ಲು, ಕೆಳಗಿನ ಹಲ್ಲು ಒಂದಕ್ಕೊಂದು ಮುಖಾಮುಖಿಯಾಗುತ್ತಿರಲಿಲ್ಲ. ಕಟಕ ರೊಟ್ಟಿ ಹೋಗಲಿ, ಮೆತ್ತನ್ನ ಚಪಾತಿಯೂ ಜಗಿಯಲು ಬಾರದೆ ಹಾಲು, ಅಂಬಲಿ ಕುಡಿದು ಇರತೊಡಗಿದ. "ಅನ್ನ ನೀರು ಬಿಟ್ಟಾರ. ವ್ರತಾ ಹಿಡದಾರ," ಎಂದು ಮಹಾಂತಯ್ಯನವರು ಸಾರಿದರು. ನೋವಿಗೆ ಮಾತು ಕಡಿಮೆ ಮಾಡಿದ. "ಮೌನಕ್ಕ ಹೋಗಾಕತ್ತಾರ," ಎಂದರು. ಶುಕ್ರವಾರದ ಹೊತ್ತಿಗೆ ಓಣಿಯಲ್ಲಿ ಅವನ ಎದುರು ಯಾರೂ ಚಪ್ಪಲಿ ಹಾಕಿಕೊಂಡು ನಿಲ್ಲುತ್ತಿರಲಿಲ್ಲ.

ಶನಿವಾರ ದ್ಯಾಮಣ್ಣ ಬಂದ. ಅವನು ಬಡಾವಣೆಯ ಕನ್ನಡ ಸಂಘದ ಅಧ್ಯಕ್ಷ. ಕೈಯಲ್ಲಿ ಸದಾ ಒಂದು ಸನ್ಮಾನದ ಶಾಲು ಇಟ್ಟುಕೊಂಡು, ಅದಕ್ಕೆ ಹೆಗಲು ಹುಡುಕುತ್ತಿರುವ ಮನುಷ್ಯ. ಕುಬೇರಪ್ಪನ ಬಾಯಿಂದ ನಾಲ್ಕು ಮಾತು ಕೇಳಿ, ಕಣ್ಣು ಒದ್ದೆ ಮಾಡಿಕೊಂಡು ಹೋದವನು, ಸಂಜೆಯೊಳಗೆ ಓಣಿಯ ಬಾಯಿಗೆ ಒಂದು ದೊಡ್ಡ ಫ್ಲೆಕ್ಸ್ ಕಟ್ಟಿಸಿದ. 'ಹಳಗನ್ನಡದ ಹರಿಕಾರ ಶ್ರೀ ಕುಬೇರಪ್ಪನವರಿಗೆ ಕೋಟಿ ನಮನಗಳು.' ಪಕ್ಕದಲ್ಲಿ ಕುಬೇರಪ್ಪನ ಚಿತ್ರ. ಗದ್ದ ಎಡಕ್ಕೆ ವಾಲಿಕೊಂಡು, ಉಣಕಲ್ಲಿನ ಕಡೆಗೆ ದಾರಿ ತೋರಿಸುತ್ತಿದ್ದ ಹಾಗೆ ಕಾಣುತ್ತಿತ್ತು.

ರವಿವಾರ ಧಾರವಾಡದಿಂದ ಉಣಕಲ್ ದಾಟಿ ಬಂದ ಮಾಸ್ತರರ ಕಾರು ಆ ಫ್ಲೆಕ್ಸಿನ ಎದುರು ನಿಂತಿತು.

"ಹಳಗನ್ನಡದ ಹರಿಕಾರ!" ಶಂಭುಲಿಂಗಪ್ಪ ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಮಗನ ಕಡೆಗೆ ತಿರುಗಿದರು. "ನಿನ್ನ ಮಾವನಾಗುವವರು ದಾರದ ವ್ಯಾಪಾರಿ ಎಂದಿದ್ದೆಯಲ್ಲ?"

"ಹೌದ್ರಿ ಅಪ್ಪಾ," ಎಂದ ಗುರುಪಾದ. 

"ಫ್ಲೆಕ್ಸು ಹಾಕಿಸಿಕೊಳ್ಳುವವರ ಮನೆಯಲ್ಲಿ ಸಂಬಂಧ ಬೆಳೆಸುವ ಮೊದಲು ಎರಡು ಸಲ ಯೋಚಿಸಬೇಕು," ಎಂದರು ಮಾಸ್ತರರು. ಅವರ ಹೆಂಡತಿ ತುಟಿ ಬಿಗಿದುಕೊಂಡರು. ಹೀಗೆ ಇಡೀ ಸಂಬಂಧ ಓಣಿಯ ಬಾಯಲ್ಲೇ ಅರ್ಧ ಮುರಿದ ಸ್ಥಿತಿಯಲ್ಲಿ ಮನೆಯ ಬಾಗಿಲಿಗೆ ಬಂತು.

ಬಾಗಿಲಲ್ಲಿ ಕುಬೇರಪ್ಪ ಕೈಮುಗಿದು ನಿಂತು, ಯಾವ ವಾಕ್ಯಕ್ಕಾಗಿ ಇಷ್ಟೆಲ್ಲ ಆಗಿತ್ತೋ ಆ ವಾಕ್ಯವನ್ನು ಅಂದ. "ಟಮ್ಮ ಪಾಡಢೂಳಿಯಿಂಡ ಣಮ್ಮ ಮಣೆ ಪಾವಣವಾಯಿಟು."

ಮಾಸ್ತರರ ಹೆಂಡತಿ ಕಾಲ ಕೆಳಗೆ ನೋಡಿಕೊಂಡು ಗಂಡನ ಕಿವಿಯಲ್ಲಿ, "ಯಾವ ಮಣಿರಿ? ನಾ ಯಾವ ಮಣಿ ಮ್ಯಾಲೂ ಕಾಲಿಟ್ಟಿಲ್ಲ," ಎಂದರು.

ಎಲ್ಲರೂ ಕುಳಿತರು. ನಾಗರತ್ನಾ ಕೇಸರಿ ಹಾಕಿದ ಹಾಲಿನ ಲೋಟಗಳನ್ನು ತಂದಿಟ್ಟಳು. ಕುಬೇರಪ್ಪ ಎರಡೂ ಕೈಯಿಂದ ಲೋಟ ಎತ್ತಿಕೊಟ್ಟು, ನಮ್ರನಾಗಿ, "ಹಾಳು ಕುಡೀರಿ," ಎಂದ.

ಮಾಸ್ತರರ ಹುಬ್ಬು ಮೇಲೇರಿತು. ಲೋಟವನ್ನು ಮುಟ್ಟಲಿಲ್ಲ. ಆರತಿ ನಡುವೆ ಬಾಯಿ ಹಾಕಿ, "ಹಾಲು ಅಂದಾರ್ರಿ ಸರ್. ಅಪ್ಪಗ ಬಾಯಿ ಆರಾಮಿಲ್ಲ," ಎಂದಳು. ಮಹಾಂತಯ್ಯನವರು ಬಾಗಿಲ ಹೊರಗಿನಿಂದ, "ಆರಾಮಿಲ್ಲ ಅಲ್ಲವಾ ತಂಗಿ, ಆವೇಶಾ ಐತಿ," ಎಂದು ತಿದ್ದಿದರು. ಕಿಟಕಿಯಲ್ಲಿ ಓಣಿಯ ಮುಖಗಳೆಲ್ಲ ಇದ್ದವು. ಮಾಸ್ತರರು ಏಳಬೇಕೆಂದು ಪಂಚೆಯ ಚುಂಗು ಕೈಗೆ ತೆಗೆದುಕೊಂಡರು.

ಕುಬೇರಪ್ಪ ಕಂಗಾಲಾಗಿ ತಟ್ಟೆ ಮುಂದೆ ಚಾಚಿದ. "ಬಾೞೆಹಣ್ಣರ ಟಿಣ್ರಿ..."

ಮಾಸ್ತರರು ಎದ್ದವರು ಅರ್ಧಕ್ಕೇ ನಿಂತರು.

"ಏನೆಂದಿರಿ?"

"ಬಾೞೆಹಣ್ಣು."

ಇಲ್ಲಿ ಒಂದು ಮಾತು ಹೇಳಬೇಕು. ಕುಬೇರಪ್ಪನ ಬಾಯಲ್ಲಿ ಲ ಎಂಬುದು ಹಿಂದೆ ಸರಿದು ಳ ಆಗಿತ್ತಷ್ಟೆ. ಮೊದಲೇ ಹಿಂದೆ ಇದ್ದ ಳ ಎಲ್ಲಿಗೆ ಹೋಗಬೇಕು? ಅದು ಇನ್ನೂ ಹಿಂದೆ ಹೋಗಿ, ಅಲ್ಲಿ ತಾಗಲು ಏನೂ ಸಿಗದೆ, ಗಾಳಿಯಲ್ಲೇ ಮಡಚಿಕೊಂಡು ಬೇರೆಯೇ ಒಂದು ಸದ್ದಾಗಿತ್ತು. ಓಣಿಯಲ್ಲಿ ಯಾರಿಗೂ ಅದು ಗೊತ್ತಾಗಿರಲಿಲ್ಲ. ನಾವೂ ಇಷ್ಟು ಹೊತ್ತು ಅದನ್ನು ಳ ಎಂದೇ ಬರೆದೆವು. ಮಾಸ್ತರರ ಕಿವಿಗೆ ಮಾತ್ರ ಅದು ಗೊತ್ತಾಯಿತು. ಅದು ೞ. ಹಿಂದೆ ಕನ್ನಡದಲ್ಲಿ ಇದ್ದು, ನೂರಾರು ವರ್ಷಗಳ ಹಿಂದೆ ಜನರ ಬಾಯಿಂದ ಜಾರಿಹೋದ ಅಕ್ಷರ. ಮಾಸ್ತರರು ನೌಕರಿಯ ಉದ್ದಕ್ಕೂ ಅದನ್ನು ಕರಿಹಲಗೆಯ ಮೇಲೆ ಬರೆದು, "ಇದೊಂದು ಇತ್ತು. ನನಗೆ ಅನ್ನಲು ಬಾರದು, ನಿಮಗೂ ಬಾರದು, ಬರೆದುಕೊಳ್ಳಿ" ಎಂದು ಮುಂದೆ ಹೋಗುತ್ತಿದ್ದರು. ಇವತ್ತು ಗೋಪನಕೊಪ್ಪದಲ್ಲಿ ಒಬ್ಬ ದಾರದ ವ್ಯಾಪಾರಿ ಅದನ್ನು ಹಣ್ಣಿನ ಜೊತೆ ತಟ್ಟೆಯಲ್ಲಿಟ್ಟು ಕೊಡುತ್ತಿದ್ದ.

ಅವರ ಗ್ರಂಥದ ಕನ್ನಡ ಅಲ್ಲೇ ಕಳಚಿಬಿತ್ತು. "ಮಳಿ ಅನ್ರಿ ನೋಡೂಣು, ಮಳಿ!"

"ಮೞಿ."

"ಅಯ್ಯಯ್ಯಯ್ಯ!" ಮಾಸ್ತರರು ಕುಬೇರಪ್ಪನ ಎದುರು ನೆಲದ ಮೇಲೆ ಕುಳಿತುಬಿಟ್ಟರು. "ಕೋಳಿ ಅನ್ರಿ! ಕೋಳಿ!"

"ನಮ್ಮ ಮನ್ಯಾಗ ಅದರ ಹೆಸರ ತಗೊಳ್ಳೂದಿಲ್ರಿ," ಎಂದು ನಾಗರತ್ನಾ ಗಾಬರಿಯಾದಳು.

"ಒಂದ ಸಲ ತಂಗಿ, ಒಂದ ಸಲ!"

"ಕೋೞಿ," ಎಂದ ಕುಬೇರಪ್ಪ, ಹೆಂಡತಿಯ ಕಡೆಗೆ ನೋಡದೆ.

ಮಾಸ್ತರರ ಕಣ್ಣಿಂದ ನೀರು ಇಳಿಯಿತು. ಮಣೆ, ಹಾಳು ಏನೂ ಈಗ ಅವರ ಕಿವಿಗೆ ಬೀಳಲಿಲ್ಲ. ಗುರುಪಾದ ಬಗ್ಗಿ, "ಅಪ್ಪಾ, ಅವರ ಗದ್ದ ಸೊಟ್ಟ ಆಗೇತ್ರಿ," ಎಂದ. "ಇಂಥಾವರ ಗದ್ದ ಹಂಗ ಇರತಾವು, ನೀ ಸುಮ್ಮನಿರು," ಎಂದರು ಮಾಸ್ತರರು. ಲಗ್ನದ ಮಾತು ತೆಗೆಯಲು ಅವರ ಹೆಂಡತಿ ಎರಡು ಸಲ ಗಂಟಲು ಸರಿಮಾಡಿಕೊಂಡರು. ಮಾಸ್ತರರು ಎರಡು ಸಲವೂ, ಇನ್ನೊಂದು ಬಾಳೆಹಣ್ಣು ತೋರಿಸಿ ಅನ್ನಿಸಿದರು.

ಕುಬೇರಪ್ಪನಿಗೆ ಈಗ ಖರೇ ಹೆದರಿಕೆ ಹತ್ತಿತು. ಓಣಿಯವರ ಬೆರಗು ಒಂದು ತೆರ. ಆದರೆ ಇಷ್ಟು ಓದಿದವರು ತನ್ನ ಎದುರು ನೆಲಕ್ಕೆ ಕುಳಿತು ಅಳುವುದನ್ನು ಅವನಿಂದ ನೋಡಲಾಗಲಿಲ್ಲ. "ಣಾ ಏಣೂ ಕಳಿಟಿಳ್ರಿ ಶರ್," ಎಂದು ಕೈಮುಗಿದ.

"ಕೇಳಿದೇನು? ಏನೂ ಕಲತಿಲ್ಲಂತ. ಎಂಥಾ ವಿನಯ!" ಎಂದರು ಮಾಸ್ತರರು ಮಗನಿಗೆ. ಅಲ್ಲೇ ತೀರ್ಮಾನವೂ ಆಯಿತು. ಸತ್ತೂರಿನ ದವಾಖಾನೆಯಲ್ಲಿ ಮಾತಾಡುವಾಗ ನಾಲಿಗೆ ಹೇಗೆ ಹೊರಳುತ್ತದೆಂದು ಚಿತ್ರ ತೆಗೆಯುವ ಡಾಕ್ಟರೊಬ್ಬರಿದ್ದಾರೆಂದು ಅವರು ಕೇಳಿದ್ದರು. ಕುಬೇರಪ್ಪನವರ ಬಾಯಲ್ಲಿರುವ ಅಕ್ಷರವನ್ನು ನಾಳೆಯೇ ಅಲ್ಲಿ ಹಿಡಿದಿಡಬೇಕು. "ಮನುಷ್ಯಾರ ಜೀವದ ಭರವಸಾ ಏನೈತ್ರಿ?" ಎಂದು ಅವರು ಕುಬೇರಪ್ಪನ ಮುಖ ನೋಡುತ್ತಲೇ ಅಂದದ್ದರಿಂದ ನಾಗರತ್ನಾಗೆ ಕೋಳಿಗಿಂತ ಹೆಚ್ಚು ಸಂಕಟವಾಯಿತು.

ಆರತಿ ಮಾತ್ರ ಸಮಾಧಾನದ ಉಸಿರು ಬಿಟ್ಟಳು. ಹೇಗಾದರೂ ಆಗಲಿ, ಅಪ್ಪ ದವಾಖಾನೆಗೆ ಹೊರಟಿದ್ದ.

ಸೋಮವಾರ ಎರಡು ಕಾರಿನಲ್ಲಿ ಎಲ್ಲರೂ ಹೊರಟರು. ಮಹಾಂತಯ್ಯನವರು ಸಾಕ್ಷಿಗೆಂದು, ದ್ಯಾಮಣ್ಣ ಶಾಲಿನ ಸಮೇತ.

ಡಾಕ್ಟರ್ ಮುಸರತ ದವಡೆಯ ವೈದ್ಯೆ. ದವಡೆ ಕೆಟ್ಟವರ ಮಾತು ಏಕೆ ಕೆಡುತ್ತದೆಂದು ಅಭ್ಯಾಸ ಮಾಡುವವರು. ಮಾಸ್ತರರು ಅಕ್ಷರದ ಚರಿತ್ರೆಯನ್ನೆಲ್ಲ ಹೇಳಿ ಮುಗಿಸುವ ತನಕ ತಾಳ್ಮೆಯಿಂದ ಕೇಳಿದರು. ಆದರೆ ಅವರ ಕಣ್ಣು ಕುಬೇರಪ್ಪನ ಗದ್ದದ ಮೇಲೆಯೇ ಇತ್ತು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಯಿಸಿ ಮುಚ್ಚಿಸಿ ನೋಡಿದರು. ಎಕ್ಸ್‌ರೇ ತೆಗೆಸಿದರು. ಆಮೇಲೆ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಗದ್ದದ ಕೆಳಗೆ ತಣ್ಣನೆಯ ಅಂಟು ಹಚ್ಚಿ, ಒಂದು ಯಂತ್ರದ ತುದಿಯನ್ನು ಅಲ್ಲಿಗೆ ಒತ್ತಿ ಹಿಡಿದರು.

"ಇಡು ಬಶರಿ ಹೆಣ್ಮಕ್ಕೞಿಗೆ ಮಾಡೂಡಳ್ಳೇಣ್ರಿ?" ಎಂದ ಕುಬೇರಪ್ಪ.

"ಅದ ಯಂತ್ರಾನರಿ ಕಾಕಾ. ಇವತ್ತ ನಿಮ್ಮ ನಾಲಿಗಿ ನೋಡೂಣು. ಆ ಪರದೆ ಮ್ಯಾಲೆ ಕಣ್ಣಿಡ್ರಿ. ಕ ಅನ್ರಿ."

ಕಪ್ಪು ಪರದೆಯ ಮೇಲೆ ಒಂದು ಬಿಳಿಯ ಗೆರೆ, ಕೆರೆಯ ತೆರೆಯ ಹಾಗೆ ಬಾಗಿ ಮಲಗಿತ್ತು. ಕುಬೇರಪ್ಪ 'ಕ' ಎಂದ. ಗೆರೆಯ ಹಿಂಭಾಗ ಎದ್ದು ಗಂಟಲಿನ ಕಡೆ ತಾಗಿ ಇಳಿಯಿತು. 'ಚ' ಎಂದ. ನಡುಬೆನ್ನು ಎದ್ದಿತು. 'ಟ' ಎಂದ. ತುದಿ ಮೇಲಕ್ಕೆ ಮಡಚಿ ಅಂಗ‍ುಳ ಮುಟ್ಟಿತು. ಇಷ್ಟು ವರ್ಷ ಬೆಳಗಿನಿಂದ ರಾತ್ರಿಯ ತನಕ ಬಳಸಿದ ನಾಲಿಗೆ, ಅವನಿಗೆ ಒಂದು ಮಾತೂ ಹೇಳದೆ, ಕತ್ತಲಲ್ಲಿ ಒಬ್ಬಂಟಿಯಾಗಿ ಇಷ್ಟು ದುಡಿಯುತ್ತಿತ್ತು. 

"ಕ ಗಂಟಲದಾಗ, ಚ ಮುಂದ, ಟ ಅದರ ಮುಂದ, ತ ಹಲ್ಲಿಗೆ, ಪ ತುಟಿಗೆ," ಎಂದರು ಡಾಕ್ಟರು. "ಸಾಲ್ಯಾಗ ಕಲ್ತ ಅಕ್ಷರದ ಸಾಲು ಬಾಯಾಗ ಒಳಗಿನಿಂದ ಹೊರಗ ನಡದು ಬರೂ ದಾರಿ."

"ಖರೇ, ಖರೇ," ಎಂದರು ಮಾಸ್ತರರು ಪಿಸುದನಿಯಲ್ಲಿ. "ಜೀವಮಾನ ಎಲ್ಲಾ ಇದನ್ನ ಕಲಿಸೇನಿ. ಕಣ್ಣಾರೆ ನೋಡಿದ್ದು ಇವತ್ತ."

"ಈಗ ತ ಅನ್ರಿ ಕಾಕಾ."

"ಟ."

ಪರದೆಯ ಮೇಲೆ ನಾಲಿಗೆಯ ತುದಿ ಮುಂದಕ್ಕೆ ಹೊರಟು, ಹಲ್ಲು ಸಿಗದೆ, ಮೇಲಕ್ಕೆ ಮಡಚಿಕೊಂಡಿತು.

"ನೋಡಿದ್ರ್ಯಾ? ನಾಲಿಗಿ ಕೆಳಗಿನ ದವಡಿಗೆ ಹತ್ತಿಕೊಂಡಿರತೈತಿ. ಇವರ ದವಡಿ ಕೀಲು ತಪ್ಪಿ ಎಡಕ್ಕ, ಹಿಂದಕ್ಕ ಸರದೈತಿ. ಮನಿ ಸರಿದ್ರ ಮನ್ಯಾಗಿನವರೂ ಸರೀಬೇಕಲ್ರಿ? ನಾಲಿಗಿ ಪಾಪ ತನ್ನ ಹಳೇ ಅಳತೀಲೇ ಹೊಂಟೈತಿ. ಹಲ್ಲಿದ್ದ ಜಾಗಾದಾಗ ಈಗ ಹಲ್ಲಿಲ್ಲ." ಡಾಕ್ಟರು ಯಂತ್ರ ಕೆಳಗಿಟ್ಟರು. "ಕಾಕಾ, ಏನ್ ಮಾಡ್ಕೊಂಡ್ರಿ? ಎಲ್ಲರ ಬಿದ್ರೇನು?"

ಎಲ್ಲರೂ ಕುಬೇರಪ್ಪನ ಕಡೆ ತಿರುಗಿದರು. ಅವನು ಆಡಿದ್ದನ್ನು ಅವನ ಅಕ್ಷರಗಳಲ್ಲೇ ಬರೆದರೆ ಓದುವವರಿಗೆ ತ್ರಾಸಾದೀತೆಂದು ನೇರ ಮಾಡಿ ಬರೆದಿದ್ದೇವೆ. "ಬಾಯಾಗ ದಾರದ ರೀಲು ನಿಂದರಿಸಿಕೊಂಡಿದ್ದೆರಿ. ಮಾಸ್ತರರಂಗ ಮಾತಾಡಬೇಕಂತ ಆಸೆ ಆಗಿತ್ತು. ನನ್ನ ಮಾತು ಕೇಳಿ ಮಗಳ ಸಂಬಂಧ ಬ್ಯಾಡ ಅಂದಾರು ಅಂತ ಅಂಜಿದ್ದೆ. ಹಳಗನ್ನಡ ಗಿಳಗನ್ನಡ ಏನೂ ನನಗ ಗೊತ್ತಿಲ್ರಿ."

ಮಹಾಂತಯ್ಯನವರು ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ದ್ಯಾಮಣ್ಣ ಬಿಚ್ಚಿದ ಶಾಲನ್ನು ಹೇಗೆ ಮಡಚಬೇಕೆಂದು ತಿಳಿಯದೆ ಪಕ್ಕದ ಯಂತ್ರದ ಮೇಲೆ ಹೊದಿಸಿದ. "ಅದಕ್ಕ ಗಾಳಿ ಬೇಕ್ರಿ," ಎಂದು ಡಾಕ್ಟರು ತೆಗೆಸಿದರು.

ಮಾಸ್ತರರು ಮಾತ್ರ ಕದಲಲಿಲ್ಲ. ಡಾಕ್ಟರನ್ನು ಕೇಳಿದರು, "ದವಡಿ ಕೂಡಿಸಿದ್ರ ಆ ಅಕ್ಷರಾ ಹೋಗತೈತೇನ್ರಿ?"

"ಹೋಗತೈತ್ರಿ ಸರ್."

"ಹಂಗಾರ ಮೊದಲ ಎಲ್ಲಾ ಶಬ್ದ ಅನ್ನಿಸಿ ಹಿಡದಿಟ್ಟು ಆಮ್ಯಾಲೆ..."

"ತಡಾ ಆದಷ್ಟೂ ಕಾಕಾಗ ನೋವು. ಈಗಾಗಲೇ ತಡಾ ಆಗೇತಿ."

ಕುಬೇರಪ್ಪ ಕೈಯೆತ್ತಿ ಡಾಕ್ಟರನ್ನು ತಡೆದ. ಗದ್ದವನ್ನು ತಾನೇ ಯಂತ್ರಕ್ಕೆ ಒತ್ತಿಕೊಂಡು, ಅನ್ನಿಸಿರಿ ಎಂಬಂತೆ ಮಾಸ್ತರರಿಗೆ ಸನ್ನೆ ಮಾಡಿದ. ಮಾಸ್ತರರು ಒಂದೊಂದೇ ಶಬ್ದ ಹೇಳಿದರು. ಕುಬೇರಪ್ಪ ಒಂದೊಂದೇ ತಿರುಗಿ ಅಂದ. ಬಾೞೆ. ಮೞೆ. ಏೞು. ಪರದೆಯ ಮೇಲೆ ನಾಲಿಗೆ ಎದ್ದು, ಹಿಂದಕ್ಕೆ ಬಾಗಿ, ಎಲ್ಲಿಯೂ ತಾಗದೆ ತೂಗಾಡಿ ಇಳಿಯುತ್ತಿತ್ತು. ಶಬ್ದಗಳು ಸಾಗಿದ ಹಾಗೆ ಕುಬೇರಪ್ಪನ ಕುತ್ತಿಗೆಯ ನರ ಉಬ್ಬಿದವು. ಕುರ್ಚಿಯ ಹಿಡಿಯನ್ನು ಅವನು ಬಿಗಿದು ಹಿಡಿದಿದ್ದ. ಆದರೂ ನಿಲ್ಲಿಸಲಿಲ್ಲ.

ನಿಲ್ಲಿಸಿದವರು ಮಾಸ್ತರರು. ಮುಂದಿನ ಶಬ್ದಕ್ಕೆ ಬಾಯಿ ತೆರೆದವರು ಪರದೆಯಿಂದ ಕಣ್ಣು ಕಿತ್ತು ಕುಬೇರಪ್ಪನ ಮುಖ ನೋಡಿದರು. ನೋಡಿ, ಬಾಯಿ ಮುಚ್ಚಿದರು.

"ಸಾಕ್ರಿ ಡಾಕ್ಟರ," ಎಂದರು. "ದವಡಿ ಕೂಡಸ್ರಿ."

ಡಾಕ್ಟರ್ ಮುಸರತ ಕೀಲಿನ ಹತ್ತಿರ ಜೋಮು ಹಿಡಿಸುವ ಸೂಜಿ ಚುಚ್ಚಿ, ಕೈಗವಸು ಹಾಕಿಕೊಂಡು, ಹೆಬ್ಬೆರಳನ್ನು ಅವನ ಹಿಂದಿನ ಹಲ್ಲಿನ ಮೇಲಿಟ್ಟು, ಕೆಳಗೆ ಒತ್ತಿ, ಮುಂದಕ್ಕೆ ಎಳೆದರು. ಕುಬೇರಪ್ಪನ ಎರಡೂ ಕಾಲು ನೆಲ ಬಿಟ್ಟು ಮೇಲೆದ್ದವು. ಏನೋ ಜಾರಿ ತನ್ನ ಜಾಗಕ್ಕೆ ಬಿದ್ದ ಸದ್ದು ಬಾಗಿಲಲ್ಲಿ ನಿಂತವರಿಗೂ ಕೇಳಿಸಿತು.

"ನಾಗರತ್ನಾ," ಎಂದ ಅವನು.

ನ ಹಲ್ಲಿಗೆ ಬಂತು. ತ ಹಲ್ಲಿಗೆ ಬಂತು. ನಾಗರತ್ನಾ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

"ಮಳಿ ಅನ್ರಿ," ಎಂದರು ಮಾಸ್ತರರು ಮೆಲ್ಲಗೆ.

"ಮಳಿ."

ಎಲ್ಲರ ಮನೆಯಲ್ಲೂ ಇರುವ ಸಾದಾ ಮಳಿ. ಮಾಸ್ತರರು ತಲೆಯಾಡಿಸಿದರು. ತುಸು ನಕ್ಕರು. ಕುಬೇರಪ್ಪ ತಲೆ ತಗ್ಗಿಸಿ, "ಹೋತ್ರಿ ಸರ್. ನಿಮ್ಮ ಅಕ್ಷರಾ ಹೋತು," ಎಂದ. ಸಂಬಂಧವೂ ಅದರ ಜೊತೆಗೇ ಹೋಯಿತೆಂದು ಅವನಿಗೆ ಖಾತ್ರಿಯಾಗಿತ್ತು.

"ಎಲ್ಲಿ ಹೋತ್ರಿ? ಇಲ್ಲೇ ಐತಲ್ಲ," ಎಂದು ಡಾಕ್ಟರು ಹಿಡಿದಿಟ್ಟ ಚಿತ್ರವನ್ನು ಪರದೆಯ ಮೇಲೆ ಮೆಲ್ಲಗೆ ಓಡಿಸಿದರು. "ಸರ್, ನೀವು ಬರ್ರಿ ಕುರ್ಚಿಗೆ. ದವಡಿ ಸರದಾಗ ಇವರ ನಾಲಿಗಿಗೆ ಬಂದದ್ದು, ದವಡಿ ನೆಟ್ಟಗಿದ್ದಾಗ ನಿಮ್ಮ ನಾಲಿಗಿಗೆ ಯಾಕ ಬರಬಾರದು? ದಾರಿ ಗೊತ್ತಾಗೇತಿ, ಹೋಗಿ ನೋಡ್ರಿ."

ಮಾಸ್ತರರು ಜರಿಯಂಚಿನ ಶಲ್ಯ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಗದ್ದಕ್ಕೆ ಅಂಟು ಹಚ್ಚಿಸಿಕೊಂಡು ಕುಳಿತರು. ಪರದೆಯ ಒಂದು ಕಡೆ ಕುಬೇರಪ್ಪನ ನಾಲಿಗೆ, ಇನ್ನೊಂದು ಕಡೆ ಮಾಸ್ತರರದು. "ಮಳೆ," ಎಂದರು. ತುದಿ ಅಂಗ‍ುಳಕ್ಕೆ ತಾಗಿತು. "ಮಳೆ." ಮತ್ತೆ ತಾಗಿತು.

"ತಾಗಬಾರದ್ರಿ ಸರ್. ಹಂಗ ಹತ್ತಿರ ಹೋಗಿ ನಿಂದರಬೇಕು," ಎಂದರು ಡಾಕ್ಟರು.

"ಹಿಂದಕ್ಕ ಹೋಗ್ರಿ ಇನ್ನಷ್ಟು," ಎಂದು ಕುಬೇರಪ್ಪ ಪರದೆಯ ಹತ್ತಿರ ಬಗ್ಗಿ ಬೆರಳು ತೋರಿಸಿದ. "ಇಲ್ಲಿ, ಇಲ್ಲಿ ಮಡಚ್ರಿ."

ಮಾಸ್ತರರು ಕಣ್ಣು ಮುಚ್ಚಿದರು. ಹಣೆಯ ಮೇಲೆ ಬೆವರು ಮೂಡಿತ್ತು. ಪರದೆಯ ಮೇಲೆ ಬಿಳಿಯ ಗೆರೆ ಎದ್ದಿತು, ಬಾಗಿತು, ಅಂಗ‍ುಳದ ಹತ್ತಿರ ಹೋಯಿತು, ತಾಗದೆ ಅಲ್ಲೇ ತೂಗಾಡಿತು.

"ಮೞೆ."

ಹೊರಗೆ ಕಾರಿಡಾರಿನಲ್ಲಿ ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದರು. ಒಳಗೆ ಮಹಾಂತಯ್ಯನವರು ತಾವು ಚಪ್ಪಲಿ ಯಾವಾಗ ಬಿಟ್ಟೆವೆಂದು ತಿಳಿಯದೆ ಬರಿಗಾಲಲ್ಲಿ ನಿಂತಿದ್ದರು. ಆರತಿಯೂ ಗುರುಪಾದನೂ ಪರದೆಯನ್ನು ನೋಡುತ್ತ, ಒಬ್ಬರ ಕೈ ಒಬ್ಬರು ಹಿಡಿದುಕೊಂಡದ್ದನ್ನು ಯಾರೂ ಗಮನಿಸಲಿಲ್ಲ.

ಕುಬೇರಪ್ಪ ಪರದೆಯಿಂದ ಮುಖ ತಿರುಗಿಸಿದ. "ನನ್ನಕಿಂತಾ ನಿಮ್ಮದ ಛಲೋ ಬಂತ್ರಿ ಸರ್," ಎಂದ.

ಮಾಸ್ತರರು ಕಣ್ಣು ತೆರೆಯಲಿಲ್ಲ. ಗದ್ದದಿಂದ ಅಂಟು ತೊಟ್ಟಿಕ್ಕುತ್ತಿತ್ತು. ಒಂದು ಕೈಯಿಂದ ಕುಬೇರಪ್ಪನ ತೋಳು ಬಿಗಿಯಾಗಿ ಹಿಡಿದುಕೊಂಡರು.

"ತಡೀರಿ ಬೀಗರ, ಮಾತಾಡಬ್ಯಾಡ್ರಿ," ಎಂದರು. "ಇನ್ನೊಮ್ಮೆ ಅಂತೇನಿ."